ಕೌದಿಯ ಕೊನೆಯ ಮೂಲೆ

ಏಪ್ರಿಲ್ 5, ಶನಿವಾರ. ಶಹಾಪುರ

ನಲವತ್ತೆಂಟು.

ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಅಂಕ ಹಾಕುತ್ತ ಬಂದವಳು ನಾನು. ಇವತ್ತು ನನ್ನ ಮಗಳಿಗೆ ಇನ್ನೊಬ್ಬರು ಅಂಕ ಹಾಕಿ ಕೈಗೆ ಕೊಟ್ಟರು. ಯಾದಗಿರಿಯ ತಪಾಸಣೆ ಶಿಬಿರದಲ್ಲಿ ದಾನೇಶ್ವರಿಯ ಬುದ್ಧಿಮಟ್ಟ ಅಳೆದು ಬರೆದ ಅಂಕಿ ಇದು. ಸಾಮಾನ್ಯ ಮಕ್ಕಳದು ನೂರರ ಆಚೀಚೆ ಇರುತ್ತದಂತೆ.

ನಮ್ಮ ದಾನಿಗೆ ಆಟಿಸಂ ಇದೆ ಎಂದು ನಾಲ್ಕನೇ ವಯಸ್ಸಿನಲ್ಲೇ ಕಲಬುರಗಿಯ ಡಾಕ್ಟರು ಹೇಳಿದ್ದರು. ಅದು ನಮಗೆ ಹಳೆಯ ಸುದ್ದಿ. ಮಿಕ್ಸರ್ ಹಾಕುವ ಮೊದಲು ಅವಳನ್ನು ಹಿತ್ತಲಿಗೆ ಕಳಿಸುವುದು, ಒಂದು ಮಾತಿಗೆ ಅವಳ ಉತ್ತರ ಬರುವಷ್ಟರಲ್ಲಿ ಹಾಲು ಉಕ್ಕುವುದು, ಎಲ್ಲ ರೂಢಿಯಾಗಿದೆ. ಹದಿಮೂರು ತುಂಬಿ, ಏಳನೆಯದು ಮುಗಿಸಿದ್ದಾಳೆ. ಪಕ್ಕದ ಓಣಿಯ ಖಾಜಾಬೀಯ ಮಗಳು ಹಬೀಬಾ ಇವಳ ಬೆಂಚಿನ ಗೆಳತಿ. ಇಬ್ಬರೂ ಒಂದೇ ಹೈಸ್ಕೂಲಿಗೆ ಹೋಗಬೇಕೆಂದು ನಾವು ಎರಡೂ ಮನೆಯವರು ಮಾತಾಡಿಕೊಂಡಿದ್ದೆವು. ಆದರೆ ಆ ಶಾಲೆಯ ಮುಖ್ಯಗುರು ಲಕ್ಷ್ಮಿಕಾಂತ ಸರ್, ಒಂದು ರಿಪೋರ್ಟ್ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದಿದ್ದರು.

ಪರೀಕ್ಷೆ ಮಾಡಿದವನು ಅಜರುದ್ದೀನ ಅಂತ, ಎಳೆಯ ವಯಸ್ಸಿನ ಮನಃಶಾಸ್ತ್ರದವನು. ಹೊರಗೆ ಉದ್ದನೆ ಸಾಲು, ಒಳಗೆ ಕರೆಂಟಿಲ್ಲ. ಸೆಖೆಗೆ ಬಾಗಿಲು ತೆರೆದೇ ಇಟ್ಟಿದ್ದರು, ಹೊರಗಿನ ಬೆಂಚಿನಿಂದ ಎಲ್ಲ ಕಾಣುತ್ತಿತ್ತು. ಅವನು ಹೆಸರು ಕೇಳಿದ. ಎಂದಿನಂತೆ ನಾನೇ ಅಲ್ಲಿಂದ "ದಾನೇಶ್ವರೀರಿ" ಎಂದೆ.

"ಅಕಿನೇ ಹೇಳ್ಲಿ ಬಿಡ್ರಿ ಅಕ್ಕಾರ" ಎಂದ. ಅವಳು ಹೇಳಲಿಲ್ಲ. ಅವನು ಸಾಲಿನ ಕಡೆ ಕಣ್ಣು ಹಾಯಿಸಿ ಮುಂದಿನ ಪ್ರಶ್ನೆಗೆ ಹೋದ.

ಆಮೇಲೆ ಕೆಂಪು-ಬಿಳಿ ಬಣ್ಣದ ಕಟ್ಟಿಗೆಯ ಚೌಕಗಳನ್ನು ಕೊಟ್ಟು, ಚಿತ್ರದಲ್ಲಿರುವಂತೆ ಜೋಡಿಸು ಎಂದ. ದಾನಿ ಜೋಡಿಸಿದಳು. ಜೋಡಿಸುತ್ತ ಹೋದವಳು ಕೊನೆಯ ಚೌಕ ಉಳಿದಾಗ ನಿಲ್ಲಿಸಿ, ಅವನ ಮುಂದೆ ಅಂಗೈ ಚಾಚಿ ಕೂತುಬಿಟ್ಟಳು. ಅವನು ಗಡಿಯಾರ ನೋಡಿ, ಏನೋ ಬರೆದುಕೊಂಡು ಇನ್ನೊಂದು ಚಿತ್ರ ಇಟ್ಟ. ಮತ್ತೆ ಅದೇ. ಒಂದನ್ನೂ ಮುಗಿಸಲಿಲ್ಲ, ಪ್ರತಿ ಸಲವೂ ಕೈ ಚಾಚಿದಳು. ಚಾಕಲೇಟು ಕೇಳುತ್ತಿದ್ದಾಳೆ ಎಂದುಕೊಂಡೆ. ಪರರ ಮುಂದೆ ಕೈ ಚಾಚಬಾರದೆಂದು ಎಷ್ಟು ಹೇಳಿ ಕಲಿಸಿದ್ದೇನೆ! ನಾಚಿಕೆಯಿಂದ ನೆಲ ನೋಡುತ್ತ ಕೂತೆ.

ಸಂಜೆ ಮನಸ್ಸು ಬೇರೆ ಕಡೆ ತಿರುಗಲಿ ಎಂದು ನನ್ನ ಶಾಲೆಯ ಉತ್ತರ ಪತ್ರಿಕೆ ಹಿಡಿದೆ. ಐದನೆಯ ತರಗತಿಯ ಮಹಾನಂದಾ ಕೃಷ್ಣಾ ನದಿಯನ್ನು ನಕ್ಷೆಯಲ್ಲಿ ತಿಂಥಣಿಯವರೆಗೆ ಎಳೆದು ಬಿಟ್ಟಿದ್ದಾಳೆ. ಮುಂದೆ ನದಿಯೇ ಇಲ್ಲ. ಸೊನ್ನೆ ಹಾಕಿದೆ. ಅರ್ಧ ಮಾಡಿದ್ದಕ್ಕೆ ಅಂಕ ಕೊಡುವ ಅಭ್ಯಾಸ ನನಗಿಲ್ಲ.

ಏಪ್ರಿಲ್ 8, ಮಂಗಳವಾರ

ಲಕ್ಷ್ಮಿಕಾಂತ ಸರ್ ರಿಪೋರ್ಟಿನ ಉಳಿದ ಒಂದಕ್ಷರವನ್ನೂ ಓದಲಿಲ್ಲ. ಬೆರಳು ನೇರವಾಗಿ ಅಂಕಿಯ ಮೇಲೆ ಹೋಗಿ ನಿಂತಿತು.

"ಇಷ್ಟು ಕಡಿಮಿ ಇದ್ರ ನಮ್ಮ ಸಾಲ್ಯಾಗ ಹ್ಯಾಂಗ್ರಿ ಮೇಡಂ? ನೀವೂ ಇದೇ ಲೈನಿನವರು, ನಿಮಗ ತಿಳಿಸಿ ಹೇಳೋದು ಬ್ಯಾಡ. ಕಲಬುರಗ್ಯಾಗ ಇಂಥಾ ಹುಡುಗರ ಸಾಲಿ ಅದ, ಹಾಸ್ಟೆಲ್ ಸೈತ ಅದ. ಅಲ್ಲಿಗಿ ಹಾಕ್ರಿ."

ಸರ್ಕಾರದ ನಿಯಮ, ಕಾಯಿದೆ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವರ ಬೆರಳಿನ ಕೆಳಗಿನಿಂದ ರಿಪೋರ್ಟ್ ಎಳೆದುಕೊಂಡು ಎದ್ದೆ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರದು ಪೈಪು, ನಲ್ಲಿಗಳ ಅಂಗಡಿ. ಅಳತೆ ಎಂದರೆ ಇವರಿಗೆ ದೇವರು. "ಹಾಸ್ಟೆಲಿಗೆ ಕಳಿಸೂನು ಭುವನಾ" ಎಂದರು. "ನಾವು ಇರೋತನಕಾ ನೋಡ್ತೀವಿ, ಆಮ್ಯಾಲ ಯಾರು? ಅಲ್ಲಿ ತಿಳುದ ಮಂದಿ ಇರ್ತಾರ. ಏನರ ಒಂದು ಕಲಸ್ತಾರ."

ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಇವರು ಮುಖ ತೊಳೆಯಲು ಹೋಗಿ ಬಹಳ ಹೊತ್ತು ಬಚ್ಚಲಲ್ಲೇ ನಿಂತಿದ್ದರು.

ಏಪ್ರಿಲ್ 17, ಗುರುವಾರ

ಇವರು ಹಾಸ್ಟೆಲಿಗೆಂದು ನೀಲಿ ಬಣ್ಣದ ಟ್ರಂಕು ತಂದಿದ್ದಾರೆ. ದಾನಿ ಅದರ ಮುಚ್ಚಳ ತೆಗೆದು, ಹಾಕಿ, ತೆಗೆದು, ಮಧ್ಯಾಹ್ನವೆಲ್ಲ ಆಡಿದಳು. ಅವಳಿಗೆ ಯಾರೂ ಏನೂ ಹೇಳಿಲ್ಲ. ಹಬೀಬಾ ಬಂದು ಹೈಸ್ಕೂಲಿನ ಸಮವಸ್ತ್ರದ ಬಣ್ಣ ಯಾವುದೆಂದು ಮಾತು ತೆಗೆದಾಗ ನಾನು ಅಡುಗೆಮನೆಗೆ ಎದ್ದು ಹೋದೆ.

ಅವಳು ಚಪ್ಪಲಿ ಅದಲುಬದಲು ಹಾಕಿದರೆ ನಲವತ್ತೆಂಟು. ಕರೆದಾಗ ತಿರುಗದಿದ್ದರೆ ನಲವತ್ತೆಂಟು. ಇಷ್ಟು ದಿನ ಅವಳ ಚಪ್ಪಲಿ ಬರೀ ಚಪ್ಪಲಿಯಾಗಿತ್ತು.

ಮೇ 11, ಭಾನುವಾರ. ದೋರನಹಳ್ಳಿ

ಇದನ್ನು ಇವತ್ತೇ ಬರೆದಿಡಬೇಕು.

ಪ್ರತಿ ಬೇಸಿಗೆಯಲ್ಲೂ ದಾನಿ ಅತ್ತೆಯ ಊರಿಗೆ ಬರುತ್ತಾಳೆ. ನಾನು ಬಿಟ್ಟು ಹೋಗುವವಳು, ಕರೆದೊಯ್ಯಲು ಬರುವವಳು. ಗಣತಿ, ಚುನಾವಣೆ, ತರಬೇತಿ ಎಂದು ಸರ್ಕಾರ ನಮ್ಮ ರಜೆಯನ್ನು ತಿಂದುಹಾಕುತ್ತದೆ. ಈ ಸಲ ಹಾಸ್ಟೆಲಿಗೆ ಹೋಗುವ ಮೊದಲು ಅವಳ ಜೊತೆ ಇರಬೇಕೆನಿಸಿ ಇಲ್ಲೇ ಉಳಿದೆ.

ಅತ್ತೆ ಗೊಲ್ಲಾಳಮ್ಮ ಕೌದಿ ಹೊಲಿಯುವುದರಲ್ಲಿ ಓಣಿಗೆಲ್ಲ ಹೆಸರುವಾಸಿ. ಹಳೆಯ ಸೀರೆ, ಧೋತರ ಎಲ್ಲ ಕತ್ತರಿಸಿ, ಚೌಕ, ಮೂರು ಮೂಲೆಯ ತುಂಡು ಮಾಡಿ, ಒಂದಕ್ಕೊಂದು ಹೊಂದಿಸಿ ಹೊಲಿಯುತ್ತಾರೆ. ನಾನು ಸುರಪುರದ ಪೇಟೆಯಲ್ಲಿ ಬೆಳೆದವಳು, ಹೊದಿಕೆ ಎಂದರೆ ಅಂಗಡಿಯದು. ಕೌದಿಯ ಹತ್ತಿರ ಕೂತವಳೇ ಅಲ್ಲ. ದಾನಿಯೂ ಹೊಲಿಯುತ್ತಾಳೆ ಎಂದು ಅತ್ತೆ ಎಷ್ಟೋ ಸಲ ಹೇಳಿದ್ದರು. ಮೊಮ್ಮಗಳ ಮೇಲಿನ ಪ್ರೀತಿಗೆ ಹೇಳುತ್ತಾರೆ ಎಂದು ತಲೆಯಾಡಿಸಿದ್ದೆ.

ಇವತ್ತು ಬೆಳಿಗ್ಗೆ ಚಹಾ ಹಿಡಿದು ಪಡಸಾಲೆಗೆ ಬಂದೆ. ದಾನಿ ಕೌದಿಯ ಮೇಲೆ ಕೂತು ಒಂದು ಮೂಲೆ ಹೊಲಿಯುತ್ತಿದ್ದಳು. ಕೆಂಪು ತುಂಡು, ಬಿಳಿ ತುಂಡು, ಅಡ್ಡಕ್ಕೆ ಕತ್ತರಿಸಿ ಅರ್ಧ ಕೆಂಪು ಅರ್ಧ ಬಿಳಿ ಮಾಡಿದ ತುಂಡು. ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಅವಳು ಕೊನೆಯ ತುಂಡಿನ ಒಂದು ಬದಿ ತೆರೆದಿಟ್ಟು, ಸೂಜಿಯನ್ನು ಬಟ್ಟೆಗೆ ಚುಚ್ಚಿ, ಅತ್ತೆಯ ಮುಂದೆ ಅಂಗೈ ಚಾಚಿದಳು. ಅತ್ತೆ ಇವಳ ಕಡೆ ನೋಡಲೂ ಇಲ್ಲ. ತಟ್ಟೆಯಲ್ಲಿದ್ದ, ಒಣಗಿ ಗರಿಗರಿಯಾದ ಕಟಕು ಜೋಳದ ರೊಟ್ಟಿಯ ಚೂರು ಮುರಿದು ಅಂಗೈಯಲ್ಲಿಟ್ಟರು. ದಾನಿ ಅದನ್ನು ಆ ತುಂಡಿನೊಳಗೆ ತುರುಕಿ, ಬಾಯಿ ಹೊಲಿದು, ದಾರ ಹರಿದಳು.

ಚಹಾ ನನ್ನ ಕಾಲ ಮೇಲೆ ಚೆಲ್ಲಿತು.

"ಅತ್ತಿ, ಅದೇನ್ರಿ ಅದು? ರೊಟ್ಟಿ ಯಾಕ ಕೊಟ್ರಿ?"

"ಮತ್ತ? ಖಾಲಿ ಹೊಟ್ಟಿಲೆ ಮುಚ್ಚತಾರೇನವ್ವಾ? ಕೌದಿಗಿ ಒಂದು ತುತ್ತು ಹಾಕೇ ಕೊನೀ ಮೂಲಿ ಮುಚ್ಚೋದು. ನಮ್ಮತ್ತಿನೂ ಹಂಗೇ ಮಾಡ್ತಿದ್ಲು."

"ಅಕೀನೇ ತೊಗೊಂಡು ಹಾಕಬಾರದೇನ್ರಿ? ಕೈ ಯಾಕ ಚಾಚ್ತಾಳ?"

"ಹೊಲಿಯಾಕಿ ತಾನೇ ತೊಗೊಳಂಗಿಲ್ಲ. ಎದುರು ಕುಂತ ಹಿರೇರು ಕೈಯಾಗ ಕೊಡಬೇಕು. ಕೊಡೋತನಕಾ ಕೈ ಹಿಡ್ಕೊಂಡು ಕೂಡೋದು."

ಕೊಡುವ ತನಕ ಕೈ ಹಿಡಿದು ಕೂರುವುದು! ನನ್ನ ಮಗಳು ಆ ಶಿಬಿರದಲ್ಲಿ, ಆ ಸೆಖೆಯಲ್ಲಿ, ಎದುರು ಕೂತ ಹಿರಿಯ ಕೊಡಲಿ ಎಂದು ಚಿತ್ರ ಚಿತ್ರಕ್ಕೂ ಕೈ ಹಿಡಿದು ಕೂತಿದ್ದಳು. ಅವನು ಕೊಡಲಿಲ್ಲ. ಮುಗಿಸಲು ಬರುವುದಿಲ್ಲ ಎಂದು ಬರೆದುಕೊಂಡ. ನಾನು ಚಾಕಲೇಟು ಎಂದುಕೊಂಡೆ. ಹೆತ್ತವಳು ನಾನು, ನನಗೂ ಗೊತ್ತಾಗಲಿಲ್ಲ.

ಅಳು ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. ಅತ್ತೆ ಬೆನ್ನು ತಟ್ಟಿ ನೀರು ಕೊಟ್ಟರು. ರೊಟ್ಟಿ ಇಟ್ಟರೆ ಇರುವೆ ಬರುವುದಿಲ್ಲವೇ ಎಂದು ಕೇಳಿದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ!

"ಬರಲಿ ಬಿಡವ್ವಾ" ಎಂದರು ಅತ್ತೆ. "ಅವಕ್ಕೂ ಹೊಟ್ಟಿ ಅದ."

ಮೇ 12, ಸೋಮವಾರ

ಅಜರುದ್ದೀನನಿಗೆ ಫೋನ್ ಮಾಡಿದೆ. ಜಗಳಕ್ಕೆ ಸಿದ್ಧವಾಗಿಯೇ ಮಾಡಿದ್ದೆ. ಅವನು ಎಲ್ಲ ಕೇಳಿಸಿಕೊಂಡ.

"ಅಕ್ಕಾರ, ನಾ ಅಕಿ ಚಾಕಲೇಟ್ ಕೇಳಾಕತ್ತಾಳ ಅಂತ ತಿಳ್ಕೊಂಡಿದ್ದೆ" ಎಂದ.

ಜಗಳ ಆಡುವ ಹಕ್ಕೇ ಉಳಿಯಲಿಲ್ಲ ನನಗೆ.

"ತಪ್ಪು ನಂದೇರಿ. ಶಿಬಿರದಾಗ ಅವಸರ ಮಾಡಿದೆ. ಅದೇ ಪರೀಕ್ಷಾ ಇಷ್ಟು ಲಗೂನ ಮತ್ತ ಮಾಡಿದ್ರ ಲೆಕ್ಕಕ್ಕ ಬರಂಗಿಲ್ಲ, ಬ್ಯಾರೆ ಅದಾವ. ಮಂದಿ ಇಲ್ಲದ ದಿನ ಕರ್ಕೊಂಡು ಬರ್ರಿ. ಮತ್ತ ಅಕ್ಕಾರ..."

"ಹೇಳ್ರಿ."

"ರೊಟ್ಟಿ ತರೋದು ಮರೀಬ್ಯಾಡ್ರಿ."

ಮೇ 21, ಬುಧವಾರ. ಯಾದಗಿರಿಯಿಂದ ಬಂದ ಮೇಲೆ

ಊಟ ಆಯಿತು, ಇವರು ದಾನಿಯ ಜೊತೆ ಅಂಗಳದಲ್ಲಿದ್ದಾರೆ. ಒಂದೊಂದನ್ನೂ ಬಿಡದೆ ಬರೆಯಬೇಕು.

ಅತ್ತೆ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟಿದ್ದರು. ಬಸ್ಸಿನಲ್ಲಿ ಅದನ್ನು ದಾನಿಯೇ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬೇಡ ಬೇಡವೆಂದರೂ ಇವರು ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದರು.

ಅಜರುದ್ದೀನ ಈ ಸಲ ನಮ್ಮಿಬ್ಬರನ್ನೂ ಒಳಗೇ ಗೋಡೆಯ ಪಕ್ಕ ಕೂರಿಸಿದ. ಮೊದಲು ಅದೇ ಹಳೆಯ ಚೌಕಗಳನ್ನು ತೆಗೆದ. "ಇದು ಲೆಕ್ಕಕ್ಕಲ್ರಿ, ನನ್ನ ಸಮಾಧಾನಕ್ಕ" ಎಂದ. ದಾನಿ ಜೋಡಿಸಿದಳು. ಕೊನೆಯ ಚೌಕ ಉಳಿಯಿತು. ಅಂಗೈ ಚಾಚಿದಳು. ಅಜರುದ್ದೀನ ರೊಟ್ಟಿಯ ಚೂರು ಮುರಿದು, ಬಹಳ ಮರ್ಯಾದೆಯಿಂದ ಅವಳ ಕೈಯಲ್ಲಿಟ್ಟ. ಅವಳು ಅದನ್ನು ಖಾಲಿ ಜಾಗದಲ್ಲಿಟ್ಟು, ಮೇಲೆ ಕೊನೆಯ ಚೌಕ ಒತ್ತಿದಳು. ಚಿತ್ರದಲ್ಲಿದ್ದ ಹಾಗೇ ಬರೋಬ್ಬರಿ ಕೂತಿತು.

ಇವರು ನನ್ನ ಕೈ ಹಿಡಿದರು. ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ಇವರು ನನ್ನ ಕೈ ಹಿಡಿದದ್ದು ನೆನಪಿಲ್ಲ.

ಚಿತ್ರ ಕಠಿಣವಾಗುತ್ತ ಹೋಯಿತು. ಒಂದರಲ್ಲಂತೂ ಚೌಕಗಳ ನಡುವೆ ಗೆರೆಯೂ ಇರಲಿಲ್ಲ, ಒಂದೇ ದೊಡ್ಡ ಹೂವಿನಂತೆ ಇತ್ತು. ನನಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ದಾನಿ ಗುಂಯ್ ಗುಂಯ್ ಅನ್ನುತ್ತ ಅದನ್ನೂ ಮುಗಿಸಿದಳು. ಖುಷಿಯಾದಾಗ ಅವಳು ಹಾಗೆ ಅನ್ನುತ್ತಾಳೆ. ಅಜರುದ್ದೀನ ತನಗೇ ಗೊತ್ತಿಲ್ಲದೆ "ಶಾಬಾಶ್!" ಎಂದುಬಿಟ್ಟ. ಆಮೇಲೆ ಪರೀಕ್ಷೆಯಲ್ಲಿ ಹಾಗೆ ಅನ್ನಬಾರದೆಂದು ತಲೆ ಕೆರೆದುಕೊಂಡ.

ಆಮೇಲೆ ಲೆಕ್ಕಕ್ಕೆ ಬರುವ ಪರೀಕ್ಷೆ. ಪುಸ್ತಕದಲ್ಲಿ ಪುಟಕ್ಕೊಂದು ಚಿತ್ರ, ಅದರ ಕೊನೆಯ ಮೂಲೆ ಖಾಲಿ. ಕೆಳಗಿರುವ ತುಂಡುಗಳಲ್ಲಿ ಯಾವುದು ಅಲ್ಲಿ ಹೊಂದುತ್ತದೆಂದು ಬೆರಳಿಟ್ಟು ತೋರಿಸಬೇಕು, ಮಾತು ಬೇಕಿಲ್ಲ. ಕೊನೆಯ ಮೂಲೆಯೇ ಖಾಲಿ! ಈ ಪುಸ್ತಕ ಬರೆದವರ ಮನೆಯಲ್ಲೂ ಯಾರೋ ಕೌದಿ ಹೊಲಿಯುತ್ತಿದ್ದರೇನೋ. ಮೊದಲ ಪುಟಕ್ಕೆ ಕೈ ಚಾಚಿದಳು, ಚೂರು ಕೊಟ್ಟ, ಖಾಲಿ ಮೂಲೆಯ ಮೇಲಿಟ್ಟು ಬೆರಳು ತೋರಿಸಿದಳು. ಹೀಗೆಯೇ ಕೆಲವು ಪುಟ ಹೋದ ಮೇಲೆ ತಾನೇ ಕೈ ಚಾಚುವುದನ್ನು ಬಿಟ್ಟಳು. ಕೂಡಿಟ್ಟ ಚೂರುಗಳನ್ನೆಲ್ಲ ತಿನ್ನುತ್ತ ಪುಟ ತಿರುವಿದಳು. ಇದು ಕೌದಿಯಲ್ಲ, ಬರೀ ಕಾಗದ ಎಂದು ಅವಳಿಗೆ ತಿಳಿದಿತ್ತು.

ಮಾತಿನ ಪ್ರಶ್ನೆಗಳಲ್ಲಿ ಬಹಳ ಉಳಿದುಹೋದವು, ಅದನ್ನೂ ಬರೆಯಬೇಕು. ಆದರೆ ಅವನು ಕಾದ. ಕಾದದ್ದಕ್ಕೆ ಕೆಲವಕ್ಕೆ ಉತ್ತರ ಬಂತು.

ಕೊನೆಗೆ ನಮ್ಮನ್ನು ಕೂರಿಸಿಕೊಂಡು ಹೇಳಿದ: "ನೋಡ್ರಿ, ಮಾತಿನ ಭಾಗದಾಗ ಅಕಿ ಭಾಳ ಕೆಳಗದಾಳ. ಈ ಜೋಡಸೋ ಭಾಗದಾಗ ತನ್ನ ವಯಸ್ಸಿನ ಎಷ್ಟೋ ಹುಡುಗರಕಿಂತ ಮ್ಯಾಲದಾಳ. ಎರಡೂ ಕೂಡಿಸಿ ಒಂದೇ ಅಂಕಿ ಮಾಡಿದ್ರ, ಆ ಅಂಕಿ ಯಾರದೂ ಅಲ್ಲ. ಆಟಿಸಂ ಇದ್ದವರಾಗ ಹಿಂಗ ಭಾಳ ಆಗ್ತದ."

"ಹಂಗಾರ ಮದಲಿನ ಅಂಕಿ?" ಎಂದು ಇವರು ಕೇಳಿದರು.

"ಅದು ಆ ದಿನದ್ದು, ಆ ಖೋಲಿದು, ನನ್ನ ಅವಸರದ್ದು. ಹುಡುಗೀದಲ್ಲ. ಇವತ್ತಿಂದೂ ಅಕಿನ ಪೂರಾ ಅಳತಿ ಅಲ್ರಿ. ಆದ್ರ ಹ್ಯಾಂಗ ಕಲಸ್ಬೇಕು ಅನ್ನೋದು ಇದರಾಗ ಗೊತ್ತಾಗ್ತದ. ಅದನ್ನೇ ಬರದು ಕೊಡ್ತೀನಿ."

ಬರುವಾಗ ಅವನು ಉಳಿದ ರೊಟ್ಟಿ ಕೇಳಿ ಇಸಿದುಕೊಂಡ. ಪಲ್ಯವಿಲ್ಲದೇ ತಿಂದ. ಬಸ್ಸಿನಲ್ಲಿ ಇವರು ಇಡೀ ದಾರಿ ದಾನಿಗೆ ಕಿಟಕಿ ಬಿಟ್ಟುಕೊಟ್ಟು, ಮಲಗಿದ ಬುದ್ಧನ ಗುಡ್ಡ ಬಂದಾಗ "ನೋಡವ್ವ, ಮೂಗು, ಹೊಟ್ಟಿ" ಎಂದು ತೋರಿಸಿದರು. ಅವಳು ನೂರು ಸಲ ನೋಡಿದ ಗುಡ್ಡವದು. ಆದರೂ ನೋಡಿದಳು, ಪಾಪ, ಅಪ್ಪನಿಗೆ ಬೇಸರವಾಗಬಾರದೆಂದು.

ಮೇ 30, ಶುಕ್ರವಾರ. ಶಹಾಪುರ

ಲಕ್ಷ್ಮಿಕಾಂತ ಸರ್ ಮೇಜಿನ ಮುಂದೆ ಮೂವರೂ ಕೂತೆವು. ರಿಪೋರ್ಟ್ ತಿರುವಿ ನೋಡಿದರು. ಇದರಲ್ಲಿ ಒಂದರ ಬದಲು ಹಲವು ಅಂಕಿಗಳಿದ್ದವು, ಬೆರಳು ಯಾವುದರ ಮೇಲೆ ನಿಲ್ಲಬೇಕೆಂದು ತಿಳಿಯದೆ ಅಲೆದಾಡಿತು.

"ಮೇಡಂ, ಇದೆಲ್ಲಾ ಖರೇ ಇರಬೇಕು. ಆದ್ರ ಹೆಸರ ಕೇಳಿದ್ರ ಹೇಳದ ಹುಡುಗಿ ನಮ್ಮ ಕ್ಲಾಸಿನ್ಯಾಗ ಹ್ಯಾಂಗ ಕೂಡ್ತಾಳ? ನೀವೇ ಹೇಳ್ರಿ."

"ಹೆಸರ ನೀವು ಇನ್ನೂ ಕೇಳೇ ಇಲ್ರಿ ಸರ್" ಎಂದೆ. "ಕೇಳ್ರಿ. ಕೇಳಿ ಸ್ವಲ್ಪ ತಡೀರಿ. ಎಂಟನೇತ್ತ ತನಕಾ ಬ್ಯಾಡ ಅನ್ನೋ ಹಕ್ಕು ನಿಮಗಿಲ್ಲ ಅಂತ ಕಾಯಿದೆ ಹೇಳ್ತದ, ಅದು ನಿಮಗೂ ಗೊತ್ತದ. ಆದ್ರ ನಾ ಕಾಯಿದೆ ಹಿಡ್ಕೊಂಡು ಬಂದಿಲ್ಲ. ಮಗಳನ್ನ ಕರ್ಕೊಂಡು ಬಂದೀನಿ."

ಅವರು ಕುರ್ಚಿ ಮುಂದೆ ಎಳೆದುಕೊಂಡರು. "ಏನವ್ವಾ, ನಿನ್ನ ಹೆಸರೇನು?"

ದಾನಿ ಮೇಲೆ ತಿರುಗುವ ಫ್ಯಾನ್ ನೋಡುತ್ತಿದ್ದಳು. ಸರ್ ನನ್ನನ್ನು ನೋಡಿದರು. ನಾನು ದಾನಿಯನ್ನು ನೋಡಿದೆ. ಇವರು ಬಾಯಿ ತೆರೆಯಲು ಹೋದರು, ಕಾಲು ತುಳಿದೆ. ಜವಾನ ಚಹಾ ತಂದಿಟ್ಟ. ಸರ್ ಕುಡಿಯಲು ಶುರು ಮಾಡಿದರು. ಹೊರಗೆ ಯಾರೋ ಗಂಟೆ ಬಾರಿಸಿದರು. ಸರ್ ಕಪ್ಪು ಕೆಳಗಿಟ್ಟು, ಪಾಪ ಎನ್ನುವ ಮುಖ ಮಾಡಿ ರಿಪೋರ್ಟನ್ನು ನನ್ನ ಕಡೆ ಸರಿಸಿದರು.

"ದಾನೇಶ್ವರಿ" ಎಂದಳು ದಾನಿ. ಫ್ಯಾನಿಗೇ ಹೇಳಿದಂತೆ. "ಎಂಟನೇತ್ತ. ಹಬೀಬಾನ ಬಾಜೂಕ."

ಹೆಸರು ಕೇಳಿದ್ದಕ್ಕೆ ಅವಳು ತರಗತಿಯನ್ನೂ ಹೇಳಿದ್ದಳು, ಕೂರುವ ಜಾಗವನ್ನೂ ಹೇಳಿದ್ದಳು. ಹಾಸ್ಟೆಲಿನ ಮಾತನ್ನು ನಾವು ಯಾರೂ ಅವಳ ಎದುರು ಆಡಿರಲಿಲ್ಲ. ನೀಲಿ ಟ್ರಂಕು ಯಾಕೆ ಬಂದಿದೆಯೆಂದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತೋ ಏನೋ.

ಲಕ್ಷ್ಮಿಕಾಂತ ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. "ಹಬೀಬಾ ಅಂದ್ರ ಯಾರ್ರಿ?" ಎಂದು ಕೇಳಿದರು.

"ನಿನ್ನೆ ಹೆಸರ ಹಚ್ಚಿದಾಳಲ್ರಿ, ಖಾಜಾಬೀ ಮಗಳು" ಎಂದೆ.

"ಬರ್ಕೋರಿ" ಎಂದರು ಗುಮಾಸ್ತನಿಗೆ. "ಎ ಸೆಕ್ಷನ್. ಇಬ್ಬರನ್ನೂ ಒಂದೇ ಬೆಂಚಿಗಿ ಹಾಕ್ರಿ."

ಹೊರಗೆ ಬಂದು ಶಾಲೆಯ ಗೇಟಿನಲ್ಲಿ ಇವರು ಅಳುತ್ತ ನಿಂತೇ ಬಿಟ್ಟರು. ಹೋಗಿ ಬರುವವರು ನೋಡುತ್ತಿದ್ದರು. ನೋಡಲಿ ಬಿಡಿ! ಗೆದ್ದವರ ಕಣ್ಣೀರು ಅದು, ಮುಚ್ಚಿಡುವುದೇನಿದೆ. ನಾನೂ ಅತ್ತುಬಿಟ್ಟೆ. ದಾನಿ ಮಾತ್ರ ಕಬ್ಬಿನ ಹಾಲಿನ ಗಾಡಿಯತ್ತ ನಡೆದಿದ್ದಳು.

ಜೂನ್ 4, ಬುಧವಾರ

ಶಾಲೆ ಶುರುವಾಗಿದೆ. ಈ ವರ್ಷ ಆರನೆಯದೂ ನನಗೇ ಬಂದಿದೆ. ಮಹಾನಂದಾಳನ್ನು ಕರೆದು ಹೋದ ಪರೀಕ್ಷೆಯಲ್ಲಿ ನದಿಯನ್ನು ತಿಂಥಣಿಗೇ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

"ನಾ ಮೌನೇಶ್ವರ ಗುಡೀತನಕಾ ಅಷ್ಟೇ ಹೋಗೀನ್ರಿ ಟೀಚರ್. ಮುಂದ ನೋಡಿಲ್ರಿ."

ನೋಡದ್ದನ್ನು ಎಳೆಯುವುದು ಸುಳ್ಳು ಎಂದುಕೊಂಡಿದ್ದಾಳೆ ಹುಡುಗಿ. ಬೋರ್ಡಿನ ಮೇಲೆ ಅವಳ ಕೈಯಿಂದಲೇ ನದಿಯನ್ನು ಸಮುದ್ರಕ್ಕೆ ಮುಟ್ಟಿಸಿದೆ. ಬಿಸಿಯೂಟಕ್ಕೆ ತಡವಾಯಿತು.

ಜೂನ್ 15, ಭಾನುವಾರ. ದೋರನಹಳ್ಳಿ

ಮಳೆ ಬಿದ್ದಿದೆ, ಊರಲ್ಲಿ ತೊಗರಿ ಬಿತ್ತನೆಯ ಗಡಿಬಿಡಿ. ದಾನಿ ಹೈಸ್ಕೂಲಿನ ಸುದ್ದಿಯನ್ನು ಅಜ್ಜಿಗೆ ಹೇಳಬೇಕೆಂದು ಬಂದೆವು. ಅವಳು ಹೇಳಿದ್ದು ಒಂದೇ ಮಾತು, "ಗಣಿತದ ಸರ್ ಒದರ್ತಾರ." ಗಣಿತದ ಸರ್ ಜೊತೆ ಮಾತಾಡಬೇಕು.

ನೀಲಿ ಟ್ರಂಕು ಅತ್ತೆಯ ಮನೆ ಸೇರಿದೆ. ಅದರ ತುಂಬ ಈಗ ಹಳೆಯ ಅರಿವೆಯ ತುಂಡುಗಳು, ಬಣ್ಣ ಬಣ್ಣಕ್ಕೆ ದಾನಿ ಬೇರೆ ಮಾಡಿ ಇಟ್ಟವು.

ಇವರು ಊಟಕ್ಕೆ ಕೂತಾಗ, "ಭುವನಾ, ಆವತ್ತು ಕಡೀಕ ಎಷ್ಟು ಬಂದಿತ್ತು ಅಕಿಗಿ? ಅಂಗಡ್ಯಾಗ ಒಬ್ರು ಕೇಳಾಕತ್ತಿದ್ರು" ಎಂದರು. ರಿಪೋರ್ಟನ್ನು ಶಾಲೆಗೆ ಕೊಟ್ಟುಬಿಟ್ಟಿದ್ದೇನೆ, ಝೆರಾಕ್ಸ್ ತೆಗೆಸಲು ಮರೆತೆ. ಈ ದಿನಚರಿಯಲ್ಲಾದರೂ ಬರೆದಿರಬೇಕೆಂದು ಹಿಂದಿನ ಪುಟ ತಿರುವಿದೆ, ಇಲ್ಲ. ಇರಲಿ, ಯಾವಾಗಲಾದರೂ ಕೇಳಿದರಾಯಿತು.

ಮಧ್ಯಾಹ್ನ ಅತ್ತೆ ನನ್ನ ಕೈಗೂ ಸೂಜಿ ಕೊಟ್ಟರು. ದಾನಿ ಹಾಸ್ಟೆಲಿಗಲ್ಲ, ತನ್ನ ಮನೆಯ ಮಂಚಕ್ಕೇ ಹೊಲಿದುಕೊಳ್ಳುತ್ತಿರುವ ಕೌದಿ ಅದು. ನನ್ನದು ಸೊಟ್ಟ ಹೊಲಿಗೆ. ದಾನಿ ಎರಡು ಸಲ ಬಿಚ್ಚಿಹಾಕಿದಳು, ಮೂರನೆಯ ಸಲ ಏನೂ ಅನ್ನದೆ ಬಿಟ್ಟಳು. ನಾಪಾಸು ಮಾಡಲಿಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತು! ಕೊನೆಯ ಮೂಲೆ ಬಂತು. ಅತ್ತೆ ಎದ್ದು ದನಕ್ಕೆ ನೀರು ಕುಡಿಸಲು ಹೋಗಿದ್ದರು. ರೊಟ್ಟಿಯ ತಟ್ಟೆ ದಾನಿಯ ಪಕ್ಕದಲ್ಲಿತ್ತು.

ಹೊಲಿಯುವವಳು ತಾನೇ ತೆಗೆದುಕೊಳ್ಳುವಂತಿಲ್ಲ. ಈ ಕೆಲಸ ಗೊತ್ತಿದ್ದವಳು ಅವಳೇ, ಇಲ್ಲಿ ಹಿರಿಯಳೂ ಅವಳೇ. ಸೂಜಿಯನ್ನು ಬಟ್ಟೆಗೆ ಚುಚ್ಚಿ, ನನ್ನ ಮಗಳ ಮುಂದೆ ಅಂಗೈ ಚಾಚಿದೆ.

ಅವಳು ಮೊದಲು ತನ್ನ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದಳು. ನೀರು ಕುಡಿದಳು. ಬಾಗಿಲಾಚೆ ಹೋಗುತ್ತಿದ್ದ ಟ್ರ್ಯಾಕ್ಟರ್ ನೋಡಿದಳು. ನನ್ನ ತೋಳು ನೋಯತೊಡಗಿತು, ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಆಮೇಲೆ ರೊಟ್ಟಿಯ ಚೂರು ಮುರಿದು, ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.

"ಈಗ ಮುಚ್ಚವ್ವಾ" ಎಂದಳು.